ಬೆಳಕಿಂಡಿಯ ಮೇಲಿನ ಪರಾತ

ಅಸುಂಡಿಯ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ಮಾಳವ್ವ ಹಿಟ್ಟು ನಾದುವ ಹಿತ್ತಾಳೆಯ ಪರಾತ ಅಡುಗೆಮನೆಯ ಗೂಟ ಬಿಟ್ಟು ಮಾಳಿಗೆ ಏರಿದ ಬೆಳಗನ್ನು ಅವರು ಮರೆಯುವಂತಿಲ್ಲ. ಹಿಂದಿನ ಅರಸರು ಕೋಟೆಯ ಬಾಗಿಲು ಹಾಕಿಸಿದ್ದಕ್ಕೆ ಎಷ್ಟು ಮಹತ್ವವಿತ್ತೋ, ಆ ಬೆಳಗ್ಗೆ ಒಂದು ಮೊಳ ಅಗಲದ ಬೆಳಕಿಂಡಿ ಮುಚ್ಚಿದ್ದಕ್ಕೂ ಅಷ್ಟೇ ಮಹತ್ವವಿತ್ತು. ಕನಿಷ್ಠ ಆ ಓಣಿಯ ಮಟ್ಟಿಗೆ.

ಆ ಓಣಿಯಲ್ಲಿ ಇನ್ನೂ ಕೆಲವು ಮಣ್ಣಿನ ಮಾಳಿಗೆಯ ಮನೆಗಳು ಉಳಿದಿವೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ಆತುಕೊಂಡಿದೆ. ಮೇಲೆ ಹತ್ತಿದರೆ ಯಾರ ಮಾಳಿಗೆ ಎಲ್ಲಿ ಮುಗಿಯಿತೆಂಬುದು ಬೆಕ್ಕುಗಳಿಗೂ ಗೊತ್ತಾಗುವುದಿಲ್ಲ. ಪುಂಡಲೀಕಪ್ಪನ ಮನೆ, ಗುಡುಸಾಬನ ಮನೆ ಅಂಥದೊಂದು ಜೋಡಿ. ಪುಂಡಲೀಕಪ್ಪ ಒಕ್ಕಲುತನದವನು. ಗುಡುಸಾಬ ಸಂತೆಯಿಂದ ಸಂತೆಗೆ ಒಣಮೆಣಸಿನಕಾಯಿ ಮಾರುವವನು. ಆದರೆ ಈ ಎರಡು ಮನೆಗಳ ರಾಜ್ಯಭಾರ ಗಂಡಸರ ಕೈಯಲ್ಲಿ ಎಂದೂ ಇರಲಿಲ್ಲ. ಈ ಕಡೆ ಪುಂಡಲೀಕಪ್ಪನ ಹೆಂಡತಿ ಮಾಳವ್ವ, ಆ ಕಡೆ ಗುಡುಸಾಬನ ಹೆಂಡತಿ ಅಲ್ಮಾಸಬಿ. ಅಲ್ಮಾಸಬಿಯ ಮಗ ಮೊಹಸಿನ ಹುಟ್ಟಿದಾಗ ಅವನನ್ನು ಕಾಲಮೇಲೆ ಹಾಕಿಕೊಂಡು ನೀರೆರೆದವಳು ಮಾಳವ್ವ. ಅವನೀಗ ಗದಗಿಗೆ ಟಂಟಂ ಓಡಿಸುವಷ್ಟು ದೊಡ್ಡವನಾಗಿದ್ದಾನೆ. ಆದರೂ ಎದುರು ಸಿಕ್ಕಾಗಲೆಲ್ಲ ಮಾಳವ್ವ ಅವನ ಮೂಗನ್ನೇ ನೋಡುತ್ತಾಳೆ, ತಾನು ತೀಡಿ ನೆಟ್ಟಗೆ ಮಾಡಿದ್ದು ಹಾಗೇ ಇದೆಯೋ ಇಲ್ಲವೋ ಎಂದು.

ಬೆಳಕಿಂಡಿ ಎಂದರೆ ಮಾಳಿಗೆಗೆ ಬಿಟ್ಟ ತೂತು. ಬೆಳಕು ಒಳಗೆ ಬರಲಿ ಎಂದು ಮಾಡಿದ್ದೆಂದು ಅದರ ಹೆಸರು ಹೇಳುತ್ತದೆ. ಹೊಗೆ ಹೊರಗೆ ಹೋಗಲಿ ಎಂದು ಮಾಡಿದ್ದೆಂದು ಸುತ್ತ ಹಿಡಿದ ಮಸಿ ಹೇಳುತ್ತದೆ. ಮಳೆ ಬಂದಾಗ ಅದರ ಮೇಲೊಂದು ಹಾಸುಗಲ್ಲು ಸರಿಸುತ್ತಾರೆ. ಆ ಕಲ್ಲಿನ ಕೆಳಗೆ ನಾಲ್ಕು ಹರಳು ಇಟ್ಟು ಸಂದು ಬಿಡುವುದು ವಾಡಿಕೆ. ಏಕೆ ಬಿಡಬೇಕೆಂದು ಹಿರಿಯರು ಹೇಳಿಲ್ಲ, ಕಿರಿಯರು ಕೇಳಿಲ್ಲ.

ಪುಂಡಲೀಕಪ್ಪನ ಮನೆಯಲ್ಲಿ ಹೊಗೆಗೆ ಬರವೆಂಬುದು ಇರಲಿಲ್ಲ. ಒಲೆಗೆ ಹತ್ತಿಕಟಿಗೆ ಮತ್ತು ಕುಳ್ಳು. ದೇವರ ಜಗಲಿಗೆ ಊದಿನಕಡ್ಡಿ. ಹೊತ್ತು ಮುಳುಗಿದರೆ ಸೊಳ್ಳೆಬತ್ತಿ. ಸೊಳ್ಳೆಗಳು ಅದಕ್ಕೆ ಹೊಂದಿಕೊಂಡಿವೆ ಎಂಬ ಅನುಮಾನ ಬಂದ ದಿನ ಅದರ ಜೊತೆಗೆ ಬೇವಿನ ಸೊಪ್ಪು. ಇವೆಲ್ಲದರ ನಡುವೆ ಪುಂಡಲೀಕಪ್ಪನ ಬೀಡಿ, ದೊಡ್ಡ ಹೊಳೆಗೆ ಸೇರುವ ಸಣ್ಣ ಹಳ್ಳದ ಹಾಗೆ. ಗ್ಯಾಸ್ ಸಿಲಿಂಡರ್ ಇರಲಿಲ್ಲವೆಂದಲ್ಲ. ಅದಕ್ಕೊಂದು ಹೂವಿನ ಚಿತ್ತಾರದ ಗವಸು ಹೊಲಿಸಿ, ಅಮಾವಾಸ್ಯೆಗೆ ಕುಂಕುಮ ಹಚ್ಚಿ, ಗೌರವದಿಂದ ಮೂಲೆಗೆ ಕೂರಿಸಿದ್ದರು. ಬೀಗರು ಬಂದಾಗ ಅದರ ಮೇಲೆ ಚಹಾ ಆಗುತ್ತಿತ್ತು. ರೊಟ್ಟಿ ಮಾತ್ರ ಒಲೆಯ ಮೇಲೆಯೇ. ಗ್ಯಾಸಿನ ರೊಟ್ಟಿಗೆ ರೊಟ್ಟಿಯ ರುಚಿ ಇರುವುದಿಲ್ಲವೆಂದು ಮಾಳವ್ವ ಹೇಳುತ್ತಿದ್ದಳು. ಅವಳು ಅದನ್ನು ಎಂದೂ ತಿಂದು ನೋಡಿರಲಿಲ್ಲ.

ಇಂಥ ಮನೆಗೆ ಮಗಳು ವಿದ್ಯಾಶ್ರೀ ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟದ್ದು ಶಿರಹಟ್ಟಿಗೆ. ಅಳಿಯ ಗವಿಸಿದ್ದೇಶ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೆಣ್ಣು ಕೂಸು, ದುಂಡಗಿತ್ತು, ಮತ್ತು ಅಳುವುದರಲ್ಲಿ ಅಜ್ಜಿಯ ದನಿಯನ್ನೇ ಹೊತ್ತು ಬಂದಿತ್ತು. ಬಾಣಂತಿಗೆ ಒಳಕೋಣೆ ಕೊಟ್ಟರು. ಆ ಕೋಣೆಯ ಒಂದು ಮಗ್ಗುಲಿಗೆ ಒಲೆ, ಇನ್ನೊಂದು ಮಗ್ಗುಲಿಗೆ ಹೊರಸು, ನಡುವೆ ಒಂದು ಹಳೆಯ ಪರದೆ, ಎರಡಕ್ಕೂ ಸೇರಿ ಮೇಲೆ ಒಂದೇ ಬೆಳಕಿಂಡಿ.

ಬಾಣಂತಿಗೆ ಗಾಳಿ ಹೊಗಬಾರದು. ಇದು ಆ ಸೀಮೆಯ ಮೊದಲ ಕಾನೂನು. ಉಳಿದ ಕಾನೂನುಗಳೆಲ್ಲ ಇದರ ಮಕ್ಕಳು. ಕಿಟಕಿಗೆ ಹಳೆಯ ಸೀರೆ ತುರುಕಿದ್ದಾಯಿತು, ಬಾಗಿಲ ಸಂದಿಗೆ ಗೋಣಿತಾಟು ಬಿತ್ತು. ದಿನಾ ಎರೆದ ಮೇಲೆ ತಾಯಿ ಮಗುವನ್ನು ಹೊರಸಿನ ಮೇಲೆ ಮಲಗಿಸಿ, ಒಲೆಯ ಕೆಂಡವನ್ನು ಶೆಗಡಿಗೆ ತುಂಬಿ ಹೊರಸಿನ ಕೆಳಗೆ ದೂಡುವುದು. ಮೇಲೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ, ಒಂದು ಚಿಟಿಕೆ ಲೋಬಾನ. ಮೈಯಲ್ಲಿಯ ನೀರೆಲ್ಲ ಇಳಿದು ಸೊಂಟ ಗಟ್ಟಿಯಾಗುತ್ತದೆ. ವಿದ್ಯಾಶ್ರೀ ಒಮ್ಮೆ ತಲೆ ನೋಯುತ್ತದೆ ಎಂದಳು. ಎಲ್ಲಿಂದಲೋ ಗಾಳಿ ಹೊಕ್ಕಿದೆ ಎಂದು ಮಾಳವ್ವ ಇನ್ನೊಂದು ಸೀರೆ ತಂದಳು.

ಅದೇ ಹೊತ್ತಿಗೆ ಆಚೆ ಮನೆಯ ಅಲ್ಮಾಸಬಿ ರಂಜಾನಿಗೆಂದು ಶಾವಿಗೆ ಹಾಕಿದಳು. ಮಾಳಿಗೆಯ ಮೇಲೆ ಎರಡು ಹೊರಸು ಎದುರುಬದುರು ನಿಲ್ಲಿಸಿ, ನಡುವೆ ಕೋಲು ಹಾಯಿಸಿ, ಕೋಲಿನ ಮೇಲೆ ಕೂದಲೆಳೆಯಂಥ ಶಾವಿಗೆ ಇಳಿಬಿಟ್ಟಿದ್ದಳು. ಅವಳ ಶಾವಿಗೆಯ ಬಿಳುಪನ್ನು ಲಕ್ಷ್ಮೇಶ್ವರದ ಬೀಗರು ಹೊಗಳುತ್ತಾರೆ. ಅವಳು ಅದನ್ನು ಹೊಗಳದವರ ಎದುರಿಗೂ ತಿಳಿಸುತ್ತಾಳೆ. ಆ ಬಿಳುಪಿನ ಮೇಲೆ ಮಾಳವ್ವನ ಬೆಳಕಿಂಡಿಯ ಹೊಗೆ ದಿನವೂ ಬಂದು ಕುಳಿತುಕೊಳ್ಳತೊಡಗಿತು.

ಅಲ್ಮಾಸಬಿ ಎರಡು ದಿನ ತಡೆದಳು. ಮೂರನೆಯ ದಿನ ಮಾಳಿಗೆಯ ಕುಂಬಿಯ ಮೇಲಿಂದ ಬಗ್ಗಿ, ಶೆಗಡಿಯನ್ನು ಒಂದಿಷ್ಟು ತಡೆದು ಹಚ್ಚಿದರೆ ಆಗದೇ ಎಂದು ಮಾಳವ್ವನನ್ನು ಮೆತ್ತಗೆ ಕೇಳಿದಳು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಮಾಳವ್ವ ಮೊರದಿಂದ ತಲೆ ಎತ್ತಲಿಲ್ಲ.

"ಗಾಳಿ ಬಂದತ್ತ ಹೋಗತೈತಿ ಹೊಗಿ. ಅದಕ್ಕ ನಾ ದಾರಿ ಹೇಳಿ ಕಳಸಬೇಕೇನು?"

"ದಾರಿ ಹೇಳಬ್ಯಾಡ್ರಿ ಯಕ್ಕಾ," ಎಂದಳು ಅಲ್ಮಾಸಬಿ. "ಅಷ್ಟ ಚಲೋ ಹೊಗಿ ಇದ್ರ ಮನ್ಯಾಗ ಇಟ್ಗೋರಿ."

ಮೊರ ನಿಂತಿತು. ಕಟ್ಟೆಯ ಮೇಲಿದ್ದ ಗಂಡ ಅದನ್ನು ಗಮನಿಸಿದ. ಪುಂಡಲೀಕಪ್ಪ ಹೆಂಡತಿಯ ಮಾತಿಗೆ ಹೆದರುವವನಲ್ಲ, ಅವಳ ಮೌನಕ್ಕೆ ಹೆದರುವವನು. ಎದ್ದು ಹೋಗಿ ಎತ್ತುಗಳಿಗೆ ಎರಡನೆಯ ಸಲ ನೀರು ಕುಡಿಸಿದ.

ಮರುದಿನ ಅಡುಗೆ ಮುಗಿದ ಮೇಲೆ ಮಾಳವ್ವ ಗೂಟದ ಮೇಲಿನ ಪರಾತವನ್ನು ಕೈಗೆತ್ತಿಕೊಂಡಳು. ಅದು ಅವಳ ಮದುವೆಯಲ್ಲಿ ಮುಂಡರಗಿಯ ತವರಿನವರು ಕೊಟ್ಟದ್ದು. ಅಂಚಿನ ಮೇಲೆ ಅವಳಪ್ಪ ಸಂಗಪ್ಪನ ಹೆಸರು ಕೊರೆದಿದೆ. ನೂರು ಮಂದಿಗೆ ಹೋಳಿಗೆಯ ಹಿಟ್ಟು ನಾದಿದ ಪರಾತ. ನಿಚ್ಚಣಿಕೆ ಹತ್ತಿ ಅದನ್ನು ಬೆಳಕಿಂಡಿಯ ಮೇಲೆ ಬೋರಲು ಹಾಕಿದಳು. ಹಾಸುಗಲ್ಲು ಅಲ್ಲಿಯೇ ಇತ್ತು. ಆದರೆ ಕಲ್ಲು ಮಳೆಗೆ ಇರುವುದು, ಮಾನಕ್ಕೆ ಹಿತ್ತಾಳೆಯೇ ಬೇಕು. ಸುತ್ತ ಹಸಿಮಣ್ಣು ಮೆತ್ತಿ, ಎಲ್ಲಿಯೂ ಸಂದಿಲ್ಲವೆಂದು ಬೆರಳಾಡಿಸಿ ನೋಡಿ ಇಳಿದಳು. ಬಿಸಿಲಿಗೆ ಪರಾತ ಥಳಥಳಿಸುತ್ತಿತ್ತು. ಸಂಗಪ್ಪನ ಹೆಸರನ್ನು ಅಲ್ಮಾಸಬಿಯ ಮಾಳಿಗೆಯ ಕಡೆಗೇ ಇಟ್ಟಿದ್ದಳು.

ಆಮೇಲೆ ಎಂದಿನಂತೆ ಮಗಳಿಗೂ ಕೂಸಿಗೂ ಎರೆದಳು. ಒಲೆ ಆರಿತ್ತು; ಶೆಗಡಿಯಲ್ಲಿದ್ದದ್ದು ಕೆಂಪಗಿನ ಕೆಂಡ. ಅವತ್ತು ಲೋಬಾನವನ್ನೂ ಹಾಕಲಿಲ್ಲ. ಹೊಗೆಯ ಒಂದು ಎಳೆಯೂ ತನ್ನ ಮನೆಯಿಂದ ಆಚೆ ಹೋಗಬಾರದು. ಹೊಗೆ ಇಲ್ಲದ ಕೆಂಡದಿಂದ ಯಾರಿಗೇನು ತೊಂದರೆ ಎಂಬುದು ಆ ಮನೆಯ ತಿಳಿವಳಿಕೆ. ಆ ಮನೆಯದೊಂದೇ ಅಲ್ಲ, ಆ ಊರಿನದು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗಂಡನಿಗೆ, ಯಾರು ಬಂದರೂ ಬಾಗಿಲು ತೆಗೆಯಬಾರದು, ಗಾಳಿ ಹೊಗುತ್ತದೆ ಎಂದು ಹೇಳಿ, ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದಳು. ಗಿರಣಿಯಲ್ಲಿ ಇವಳ ಪಾಳಿ ಬರುವ ಹೊತ್ತಿಗೆ ಕರೆಂಟ್ ಹೋಯಿತು. ಹಿಡಿದ ಪಾಳಿಯನ್ನು ಬಿಟ್ಟು ಬರುವ ಹೆಣ್ಣುಮಗಳು ಅಸುಂಡಿಯಲ್ಲಿ ಇನ್ನೂ ಹುಟ್ಟಿಲ್ಲ.

ಇತ್ತ ಅಲ್ಮಾಸಬಿ ಹೊಸ ಶಾವಿಗೆಯ ಕೋಲುಗಳೊಂದಿಗೆ ಮೇಲೆ ಬಂದು ಪರಾತವನ್ನು ಕಂಡಳು. ಅವಮಾನ ಅವಳಿಗೆ ಓದಲು ಬರದ ಭಾಷೆಯೇನಲ್ಲ. ಆದರೂ ಗೆದ್ದವರು ಸಿಟ್ಟಾಗುವುದು ಶೋಭೆಯಲ್ಲವೆಂದು ತನಗೆ ತಾನೇ ಹೇಳಿಕೊಂಡು, ಹೊಗೆ ಇಲ್ಲದ ಗಾಳಿಯಲ್ಲಿ ಶಾವಿಗೆ ಇಳಿಬಿಟ್ಟು, ಕುಂಬಿಗೆ ಒರಗಿ ಕುಳಿತಳು. ಬಿಸಿಲು ಚೆನ್ನಾಗಿತ್ತು. ಶಾವಿಗೆ ಬೆಳ್ಳಗಿತ್ತು. ಏನೋ ಒಂದು ಕಡಿಮೆಯಾಗಿತ್ತು.

ಅಲ್ಮಾಸಬಿ ಆ ಬೆಳಕಿಂಡಿಯನ್ನು ದೂರುತ್ತ ದೂರುತ್ತಲೇ ಅದರ ದಿನಚರಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಮೊದಲು ಬೆಳ್ಳುಳ್ಳಿ ಸಿಪ್ಪೆಯ ವಾಸನೆ, ಹಿಂದೆಯೇ ಲೋಬಾನ, ಅದರ ಹಿಂದೆ ಕೂಸಿನ ಅಳು, ಅದನ್ನು ರಮಿಸುವ ವಿದ್ಯಾಶ್ರೀಯ ದನಿ. ಬಿಸಿ ತಾಗಿದ ಕೂಡಲೇ ಆ ಕೂಸು ಅಳದ ದಿನವಿಲ್ಲ. ಇವತ್ತು ಹೊಗೆ ಬರಲಿಲ್ಲ, ಸರಿ. ಅಳು ಎಲ್ಲಿ ಹೋಯಿತು? ಪರಾತ ಹೊಗೆಯನ್ನು ತಡೆದೀತು. ಆ ಅಳುವನ್ನು ತಡೆಯುವ ಪರಾತ ಇನ್ನೂ ಯಾವ ಕಂಚುಗಾರನೂ ಮಾಡಿಲ್ಲ.

ಅವಳು ಎದ್ದು ಹೋಗಿ ಪರಾತದ ಮೇಲೆ ಕೈ ಇಟ್ಟಳು. ಬಿಸಿಲಿಗೆ ಕಾದದ್ದೋ ಒಳಗಿನಿಂದ ಕಾದದ್ದೋ ತಿಳಿಯಲಿಲ್ಲ. ತಟ್ಟಿದಳು. ವಿದ್ಯಾಶ್ರೀಯ ಹೆಸರು ಹಿಡಿದು ಕೂಗಿದಳು. ಆಮೇಲೆ ಉಗುರಿನಿಂದ ಮಣ್ಣು ಕೆರೆದು, ಪರಾತವನ್ನು ಎತ್ತಿ ತನ್ನ ಮಾಳಿಗೆಯತ್ತ ಎಸೆದು, ಕಿಂಡಿಗೆ ಮುಖವಿಟ್ಟಳು. ಬಿಸಿಯುಸಿರಿನಂಥ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಹೊರಸಿನಿಂದ ವಿದ್ಯಾಶ್ರೀಯ ಒಂದು ಕೈ ಜೋತುಬಿದ್ದಿತ್ತು. ಕೂಗಿದರೆ ಅದು ಅಲುಗಲಿಲ್ಲ.

ಅಲ್ಮಾಸಬಿ ಓಡಿದಳು. ಓಡುವಾಗ ಸೆರಗು ಸಿಕ್ಕಿ ಕೋಲುಗಳು ಬಿದ್ದವು. ಲಕ್ಷ್ಮೇಶ್ವರದವರು ಹೊಗಳುವ ಶಾವಿಗೆ ಬೆಳಕಿಂಡಿಯ ಸುತ್ತ ಕೂತ ವರ್ಷಗಟ್ಟಲೆಯ ಮಸಿಯ ಮೇಲೆ ಉರುಳಿತು. ಅವಳು ತಿರುಗಿ ನೋಡಲಿಲ್ಲ. ಕುಂಬಿಗೆ ಬಂದು, ಕೆಳಗೆ ಕಟ್ಟೆಯ ಮೇಲಿದ್ದ ಪುಂಡಲೀಕಪ್ಪನಿಗೆ ಬಾಗಿಲು ತೆಗೆಯಲು ಹೇಳಿದಳು.

"ತಗೀಬ್ಯಾಡ ಅಂದಾಳವಾ," ಎಂದ ಪುಂಡಲೀಕಪ್ಪ, ಬೀಡಿ ಬಾಯಿಂದ ತೆಗೆದು. "ಗಾಳಿ ಹೊಗತೈತಿ. ಆಮ್ಯಾಲ ಆಕಿ ಬೈತಾಳ."

"ಬೈಸಿಕೊಂಡ್ರ ಸಾಯಂಗಿಲ್ಲರೀ ಅಣ್ಣಾ. ಒಳಗ ಹುಡಿಗಿ ಮಾತಾಡವಲ್ಲಳು. ಬಾಗಲಾ ತಗೀರಿ."

ಮದುವೆಯಾದಂದಿನಿಂದ ಹೆಂಡತಿಯ ಮಾತು ಮೀರದ ಪುಂಡಲೀಕಪ್ಪ ಆ ದಿನ ಚಿಲಕ ತೆಗೆಯಲಿಲ್ಲ, ಒದ್ದ. ಚಿಲಕವೇ ಕಿತ್ತು ಬಂತು. ಅಷ್ಟರಲ್ಲಿ ನಿಚ್ಚಣಿಕೆ ಇಳಿದು ಬಂದಿದ್ದ ಅಲ್ಮಾಸಬಿ ಕೂಸನ್ನು ಎತ್ತಿಕೊಂಡಳು, ಅವನು ಮಗಳನ್ನು ಎತ್ತಿಕೊಂಡ. ಇಬ್ಬರನ್ನೂ ಅಂಗಳಕ್ಕೆ ತಂದು, ಯಾವ ಗಾಳಿ ತಾಗಬಾರದೆಂದು ಇಷ್ಟು ದಿನ ಕಾದಿದ್ದರೋ ಆ ಗಾಳಿಯಲ್ಲಿಯೇ ಮಲಗಿಸಿದರು. ವಿದ್ಯಾಶ್ರೀ ಕಣ್ಣು ಅರೆತೆರೆದು ವಾಂತಿ ಮಾಡಿಕೊಂಡಳು. ಕೂಸು ಮೆತ್ತಗೆ ಬಿದ್ದುಕೊಂಡಿತ್ತು, ಉಸಿರು ಇತ್ತೋ ಇಲ್ಲವೋ ಎಂಬಷ್ಟು. ಊಟಕ್ಕೆಂದು ಮನೆಗೆ ಬಂದಿದ್ದ ಮೊಹಸಿನ ಕೈ ತೊಳೆಯದೆ ಟಂಟಂ ಚಾಲೂ ಮಾಡಿದ. ತಾಯಿ ಮಗುವನ್ನು ಹಿಡಿದುಕೊಂಡು ಅಲ್ಮಾಸಬಿಯೂ ಪುಂಡಲೀಕಪ್ಪನೂ ಹಿಂದೆ ಹತ್ತಿದರು. ಓಣಿ ದಾಟಿ ಗಿರಣಿಯ ಮುಂದೆ ಬಂದಾಗ ಗಾಡಿ ನಿಂತಿತು. ಮಾಳವ್ವ ನೋಡಿದಳು, ಬುಟ್ಟಿ ಅಲ್ಲೇ ಬಿಟ್ಟು ಹತ್ತಿದಳು. ಪಾಳಿ ಯಾರಿಗೆ ಹೋಯಿತೆಂದು ಅವಳು ಇವತ್ತಿನವರೆಗೂ ವಿಚಾರಿಸಿಲ್ಲ.

ಗದಗಿನ ರಸ್ತೆಯ ಗಾಳಿ ಟಂಟಮ್ಮಿನ ಎರಡೂ ಬದಿಯಿಂದ ಒಳನುಗ್ಗುತ್ತಿತ್ತು. ಅರ್ಧ ದಾರಿಯಲ್ಲಿ ಕೂಸು ಒಮ್ಮೆ ಮುಖ ಕಿವುಚಿ, ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ ಅತ್ತಿತು. ಆ ಕಿಂಡಿಯಿಂದ ಬಂದದ್ದನ್ನೆಲ್ಲ ಇಷ್ಟು ದಿನ ದೂರುತ್ತಿದ್ದ ಅಲ್ಮಾಸಬಿ, ಅಳು ಅಳು ನನ್ನವ್ವ ಎಂದು ಬೇಡಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಆಮ್ಲಜನಕ ಹಚ್ಚಿದರು. ಸಂಜೆಯ ಹೊತ್ತಿಗೆ ವಿದ್ಯಾಶ್ರೀ ನೀರು ಕೇಳಿದಳು, ಕೂಸು ಹಾಲು ಕುಡಿಯಿತು. ಕೆಂಡದಿಂದ ಏಳುವ ಒಂದು ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಿಂಡಿ ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆ ಬಂದಂತೆಯೇ ಬರುತ್ತದೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಇನ್ನೂ ಒಂದಿಷ್ಟು ಹೊತ್ತು ಹೋಗಿದ್ದರೆ, ಎಂದು ಶುರು ಮಾಡಿ, ಮಾಳವ್ವನ ಮುಖ ನೋಡಿ ಆ ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಮನೆಯಲ್ಲಿ ಮತ್ತೇನೇನು ಸುಡುತ್ತೀರಿ ಎಂದು ಕೇಳಿದರು.

ಆ ಪ್ರಶ್ನೆಗೆ ಇಡೀ ಕುಟುಂಬ ಪ್ರಾಮಾಣಿಕವಾಗಿ ಉತ್ತರಿಸಿತು. ಅಂದರೆ ಪ್ರತಿಯೊಬ್ಬರೂ ಇನ್ನೊಬ್ಬರದನ್ನು ಹೇಳಿದರು. ಪುಂಡಲೀಕಪ್ಪ ಒಲೆಯ ಕುಳ್ಳಿನ ಸಂಗತಿ ಹೇಳಿದ. ಮಾಳವ್ವ ಬೀಡಿಯ ಸಂಗತಿ ಹೇಳಿದಳು, ಅದೂ ಹಾಸಿಗೆಯಲ್ಲಿ ಕುಳಿತು ಸೇದುವುದನ್ನು ಒತ್ತಿ ಹೇಳಿದಳು. ಶಿರಹಟ್ಟಿಯಿಂದ ಓಡಿಬಂದಿದ್ದ ಗವಿಸಿದ್ದೇಶ, ಮಾವನವರ ಮನೆಯಲ್ಲಿ ತಾನು ಮಲಗಿದಾಗ ತಲೆದೆಸೆಗೆ ಎರಡು ಸೊಳ್ಳೆಬತ್ತಿ ಹಚ್ಚಿಡುತ್ತಾರೆಂದು ವಿನಯದಿಂದ ನೆನಪಿಸಿದ. ಅದು ಅಳಿಯನೆಂಬ ಮರ್ಯಾದೆಗೆ ಎಂದಳು ಮಾಳವ್ವ. ಊದಿನಕಡ್ಡಿಯ ವಿಷಯ ಯಾರೂ ಎತ್ತಲಿಲ್ಲ, ದೇವರ ಮೇಲೆ ಸಾಕ್ಷಿ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಡಾಕ್ಟರಮ್ಮ ತಾವೇ ಕೇಳಿಕೊಂಡು ಅದನ್ನೂ ಸೇರಿಸಿದರು. ಒಲೆ ಕೋಣೆಯಿಂದ ಹೊರಗೆ ಹೋಗಲಿ, ಶೆಗಡಿ ಬೇಡವೇ ಬೇಡ, ಬೀಡಿ ಬಯಲಿಗೆ, ಕಿಟಕಿ ತೆರೆದಿರಲಿ, ಬಾಣಂತಿಯೂ ಉಸಿರಾಡುವ ಮನುಷ್ಯಳೇ ಎಂದರು. ಕೊನೆಗೆ, ಕಿಂಡಿ ತೆಗೆದವರು ಯಾರು ಎಂದು ಕೇಳಿದರು.

ಅಲ್ಮಾಸಬಿ ಬಾಗಿಲ ಬಳಿ ಗೋಡೆಗೆ ಆತು ನಿಂತಿದ್ದಳು. ಉಗುರುಗಳಲ್ಲಿ ಇನ್ನೂ ಮಣ್ಣಿತ್ತು. ಡಾಕ್ಟರಮ್ಮ ಹೊರಗೆ ಹೋಗುವವರೆಗೂ ತಡೆದಿದ್ದು ಆಮೇಲೆ ಅತ್ತಳು.

"ನಾನ ಅಂದಿದ್ನಲ್ಲ ಯಕ್ಕಾ, ಮನ್ಯಾಗ ಇಟ್ಗೋರಿ ಅಂತ. ಆ ಮಾತ ನನ್ನ ಬಾಯಾಗ ಯಾಕ ಬಂತೋ."

ಮಾಳವ್ವ ಅವಳ ಕೈ ಹಿಡಿದುಕೊಂಡು, ತನ್ನ ಸೆರಗಿನ ತುದಿಯಿಂದ ಉಗುರಿನ ಮಣ್ಣನ್ನು ಒಂದೊಂದಾಗಿ ತೆಗೆಯತೊಡಗಿದಳು.

"ಅಂದಾಕಿ ನೀನು," ಎಂದಳು. "ಮಣ್ಣ ಮೆತ್ತಿದಾಕಿ ನಾನು. ತಗದಾಕೀನೂ ನೀನ. ಸುಮ್ನಿರು."

ಆ ಸೀಮೆಯಲ್ಲಿ ಉಪಕಾರವನ್ನು ಮಾತಿನಲ್ಲಿ ತೀರಿಸುವ ರೂಢಿ ಇಲ್ಲ. ಧನ್ಯವಾದ ಎನ್ನುವುದು ಸಭೆಯ ಕೊನೆಗೆ ಹೇಳುವ ಮಾತು, ಅದೂ ಜನ ಎದ್ದು ಹೊರಟ ಮೇಲೆ. ಕೊಡುಕೊಳ್ಳುವ ಮನೆಗಳ ನಡುವೆ ಇರುವುದು ಬೇರೆಯೇ ಒಂದು ನಿಯಮ: ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕಳಿಸಬಾರದು.

ಪರಾತ ಅಲ್ಮಾಸಬಿಯ ಮಾಳಿಗೆಯ ಮೇಲೆಯೇ ಬಿದ್ದಿತ್ತು. ತಾಯಿ ಮಗು ಮನೆಗೆ ಬಂದ ದಿನ ಅವಳು ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸಕ್ಕರೆ ಹಾಕಿ, ಸೊಸೆ ನಿಶಾತಳ ಕೈಯಲ್ಲಿ ಕೊಟ್ಟು ಕಳಿಸಿದಳು. ಮಾಳವ್ವ ಅದೇ ಪರಾತದ ತುಂಬ ಶೇಂಗಾ ಹೋಳಿಗೆ ಹೇರಿ ತಿರುಗಿ ಕಳಿಸಿದಳು. ಆ ಕಡೆಯಿಂದ ಖಜೂರ ಬಂತು. ಈ ಕಡೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹೋಯಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಶಿರಹಟ್ಟಿಯ ಬೀಗಿತ್ತಿ, ಮೊದಲು ತೊಟ್ಟಿಲು ತೂಗುವವರು ಯಾರು ಎಂದು ಕೇಳಿದಾಗ, ಮಾಳವ್ವ ಅಲ್ಮಾಸಬಿಯನ್ನು ಮುಂದೆ ದೂಡಿದಳು. ಕೂಸು ಎಂದಿನ ದನಿಯಲ್ಲಿ ಅತ್ತಿತು. ಅಂದು ಅದನ್ನು ಯಾರೂ ರಮಿಸಲು ಅವಸರ ಮಾಡಲಿಲ್ಲ; ಎರಡೂ ಮನೆಯವರು ನಿಂತು ಕೇಳಿದರು.

ಒಲೆಯನ್ನು ಮಾಳವ್ವ ತಾನೇ ಕಿತ್ತು ಹಿತ್ತಲಿನ ಬೇವಿನ ಮರದ ಹತ್ತಿರ ಹೂಡಿದಳು. ಗ್ಯಾಸಿನ ಗವಸನ್ನು ಬಿಚ್ಚಿ ತೊಳೆದು ಕೂಸಿನ ಕೌದಿಗೆ ತುಂಡು ಮಾಡಿದಳು. ಗ್ಯಾಸಿನ ರೊಟ್ಟಿಯನ್ನು ಮೊದಲ ಸಲ ತಿಂದು, ತಾನು ಹೇಳುತ್ತಿದ್ದದ್ದು ಖರೆ ಎಂದಳು. ಆದರೆ ಎರಡು ತಿಂದಳು. ಪುಂಡಲೀಕಪ್ಪ ಬೀಡಿ ಬಿಡಲಿಲ್ಲ; ಅದನ್ನು ಹೊಲಕ್ಕೆ ವರ್ಗ ಮಾಡಿದ. ಹಾಗಾಗಿ ಆ ವರ್ಷ ಅವನ ಹೊಲದಲ್ಲಿ ಕಳೆ ಕಡಿಮೆಯಿತ್ತು.

ರಂಜಾನ್ ಹಬ್ಬದ ದಿನ ಅಲ್ಮಾಸಬಿ ಹಾಲಿನ ಶಾವಿಗೆಯ ಬಟ್ಟಲುಗಳನ್ನು ಅದೇ ಪರಾತದಲ್ಲಿ ಜೋಡಿಸಿಕೊಂಡು ತಾನೇ ಬಂದಳು. ಮಸಿಯ ಮೇಲೆ ಬಿದ್ದ ಶಾವಿಗೆಯನ್ನು ಅವಳು ಎಸೆದಿರಲಿಲ್ಲ. ಜಾಡಿಸಿ, ಬಟ್ಟೆಯಲ್ಲಿ ಒರೆಸಿ, ತುಪ್ಪದಲ್ಲಿ ಹುರಿದಿದ್ದಳು. ಆದರೂ ಅದರ ಬಣ್ಣ ಬೂದಿಯ ಬಣ್ಣವೇ. ಲಕ್ಷ್ಮೇಶ್ವರದ ಬೀಗರಿಗೆ ಅಂಗಡಿಯ ಶಾವಿಗೆ ತರಿಸಿದ್ದಳು. ಇದನ್ನು ಈ ಮನೆಗೆಂದೇ ತೆಗೆದಿರಿಸಿದ್ದಳು.

ಮಾಳವ್ವ ಒಂದು ಚಮಚ ಬಾಯಿಗಿಟ್ಟು ಅಲ್ಮಾಸಬಿಯ ಮುಖ ನೋಡಿದಳು.

"ಹೊಗಿ ವಾಸನಿ ಬರತೈತಿ, ಅಲ್ಮಾಸಬಿ."

"ಹೊಗಿ ನಿಮ್ಮದ ಐತ್ರೀ ಯಕ್ಕಾ," ಎಂದಳು ಅಲ್ಮಾಸಬಿ. "ಹಾಲಷ್ಟ ನಮ್ಮದು."

ಮಾಳವ್ವ ಬಟ್ಟಲು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಹೊರಡುವಾಗ ಅಲ್ಮಾಸಬಿ ಪರಾತವನ್ನು ಅಲ್ಲಿಯೇ ಬಿಟ್ಟಳು; ಮಾಳವ್ವ ಅದನ್ನು ಎತ್ತಿ ಅವಳ ಕೈಗೆ ಕೊಟ್ಟು, ಬರಿದಾಗಿ ಹೋಗಬಾರದೆಂದು ಕೂಸನ್ನು ತೊಟ್ಟಿಲಿಗೆ ಹಾಕಿದ ದಿನದ ಅಕ್ಕಿ ಒಂದು ಬೊಗಸೆ ಅದಕ್ಕೆ ಹಾಕಿ, ಇನ್ನು ಇದು ನಿನ್ನದೇ, ಈ ಕಡೆ ಬರುವುದು ಬೇಡ ಎಂದಳು. ಅಂಚಿನ ಮೇಲೆ ನಿಮ್ಮಪ್ಪನ ಹೆಸರಿದೆಯಲ್ಲ ಎಂದು ಅಲ್ಮಾಸಬಿ ಕೇಳಿದ್ದಕ್ಕೆ, ಇರಲಿ, ಅವನಿಗೂ ಬಿಳಿ ಶಾವಿಗೆ ಇಷ್ಟ ಎಂದಳು.

ಬೆಳಕಿಂಡಿ ತೆರೆದಿದೆ. ಪರಾತ ಅಲ್ಮಾಸಬಿಯ ಮನೆಯಲ್ಲಿದೆ.